ಮುಳ್ಳಿನ ಗುಡಿಯೂ ಕೆಂಪು ಶಾಯಿಯೂ

ಕಳೆದ ವರ್ಷ ಪದವಿ ತರಗತಿಯ ಮಕ್ಕಳಿಗೆ ಒಂದು ಪ್ರಬಂಧ ಬರೆಯಲು ಹೇಳಿದ್ದೆ. ವಿಷಯ, ‘ನಾನು ಕಂಡ ಸ್ಮಾರಕ’. ನಾನು ಪಾಠ ಮಾಡುವುದು ಚಳ್ಳಕೆರೆಯಲ್ಲಿ. ಹೆಚ್ಚಿನವರು ಹಂಪಿ, ಬೇಲೂರು, ಚಿತ್ರದುರ್ಗದ ಕೋಟೆ ಎಂದು ಬರೆದಿದ್ದರು. ಒಂದಿಬ್ಬರು ತಾವು ಎಂದೂ ನೋಡದ ತಾಜಮಹಲನ್ನೇ ಕಂಡಂತೆ ಬರೆದಿದ್ದರು. ಗೊಲ್ಲರಹಟ್ಟಿಯೊಂದರಿಂದ ಬರುವ ಹುಡುಗಿಯೊಬ್ಬಳು ಮಾತ್ರ ಕ್ಯಾತಪ್ಪನ ಗುಡಿಯ ಬಗ್ಗೆ ಬರೆದಿದ್ದಳು. ಪುರ್ಲೇಹಳ್ಳಿಯ ಹತ್ತಿರ ಜನವರಿಯ ಹೊತ್ತಿಗೆ ನಡೆಯುವ ಪರಿಷೆಗೆ ಕಾಡುಗೊಲ್ಲರು ಮುಳ್ಳಿನಿಂದ ಕಟ್ಟುವ ಗುಡಿ ಅದು. ಮುಳ್ಳು ತರುವುದು, ಒಟ್ಟುವುದು, ಮೇಲೆ ಕಳಶ ಇಡುವುದು, ಬರಿಗಾಲಲ್ಲಿ ಏರಿ ಕಳಶ ಕೀಳುವುದು ಎಲ್ಲವನ್ನೂ ಒಂದೂವರೆ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು.

ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ‘ಇದು ಆಚರಣೆ, ಸ್ಮಾರಕ ಅಲ್ಲ.’

ಮರುದಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಮೇಡಂ, ವರ್ಷಾ ವರ್ಷಾ ಕಟ್ತಾರಲ್ಲ, ಅದು ಯಾಕೆ ಸ್ಮಾರಕ ಆಗಲ್ಲ?”

ಆಗ ಏನೋ ಹೇಳಿ ಕಳಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾಹಿತ್ಯ ಓದಿ, ವಿಮರ್ಶೆ ಕಲಿತು, ಅದನ್ನೇ ಕಲಿಸಿ ಅನ್ನ ತಿನ್ನುವ ನಾನು ಒಂದು ಕಟ್ಟಡವನ್ನು ಓದುವಾಗ ಯಾವ ಅಳತೆಗೋಲು ಹಿಡಿದಿದ್ದೆ? ಈ ಲೇಖನ ಆ ಕೆಂಪು ಸಾಲಿನ ಮೇಲೆ ನಾನೇ ಬರೆಯುತ್ತಿರುವ ವಿಮರ್ಶೆ.

ಅಳತೆಗೋಲು ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವಲ್ಲ. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಯ ಪ್ರಕಾರ ಒಂದು ಕಟ್ಟಡ ಪ್ರಾಚೀನ ಸ್ಮಾರಕ ಎನಿಸಬೇಕಾದರೆ ಅದಕ್ಕೆ ಕಡೇ ಪಕ್ಷ 100 ವರ್ಷ ಆಗಿರಬೇಕು. ಕಾಯ್ದೆಗೆ ಒಂದು ಗಡಿ ಬೇಕು, ಸರಿ. ಆದರೆ ಆ ಗಡಿ ನಮ್ಮ ಪಠ್ಯಪುಸ್ತಕಗಳಿಗೆ, ಪ್ರವಾಸದ ಕೈಪಿಡಿಗಳಿಗೆ, ಕೊನೆಗೆ ನಮ್ಮ ಸೌಂದರ್ಯಪ್ರಜ್ಞೆಗೂ ಇಳಿದುಬಿಟ್ಟಿದೆ. ಕಲ್ಲಾಗಿರಬೇಕು, ಹಳೆಯದಾಗಿರಬೇಕು, ಒಬ್ಬ ರಾಜನ ಹೆಸರು ಇರಬೇಕು, ಶೈಲಿಗೆ ಒಂದು ವಂಶದ ಹೆಸರು ಸಿಗಬೇಕು. ಈ ನಾಲ್ಕೂ ಇಲ್ಲದ ಕಡೆ ‘ನೋಡುವಂಥದ್ದು ಏನೂ ಇಲ್ಲ’ ಎನ್ನುತ್ತೇವೆ. ನಾನು ಹುಟ್ಟಿದ ಮೊಳಕಾಲ್ಮೂರು, ಈಗಿರುವ ಚಳ್ಳಕೆರೆ ಎರಡೂ ಈ ಮಾತನ್ನು ಬಹಳ ಕೇಳಿವೆ. ಬಯಲುಸೀಮೆ, ಬರ, ಶೇಂಗಾ, ಕುರಿ, ಮಗ್ಗ. ಕಲೆ ಬೇಕಿದ್ದವರು ಬಸ್ಸು ಹತ್ತಿ ಹಾಸನದ ಕಡೆ ಹೋಗಬೇಕು.

ನಿಜಕ್ಕೂ ಈ ನೆಲದಲ್ಲಿ ಕಾಯ್ದೆ ಒಪ್ಪುವ ಸ್ಮಾರಕಗಳಿಗೂ ಬರವಿಲ್ಲ. ಮೊದಲು ಅವನ್ನೇ ನೋಡೋಣ. ನನ್ನ ಅಳತೆಗೋಲು ಅಲ್ಲೂ ಎಷ್ಟು ಸಡಿಲ ಎಂಬುದು ತಿಳಿಯುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಆಸುಪಾಸಿನಲ್ಲಿ, ಒಂದಕ್ಕೊಂದು ಕೆಲವೇ ಮೈಲಿ ದೂರದಲ್ಲಿ, ಅಶೋಕನ ಮೂರು ಶಿಲಾಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಗುರುತಿಸಿದರು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಬರೆದವನು ಚಪಡ. ಅವನು ತನ್ನ ಹೆಸರಿನ ಜೊತೆಗೆ ‘ಲಿಪಿಕಾರ’ ಎಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದ ಲಿಪಿಯನ್ನು ಬಲ್ಲೆ ಎಂದು ತೋರಿಸಿಕೊಳ್ಳುವ ಆಸೆ ಬರಹಗಾರರಿಗೆ ಹಳೆಯದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದು. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎರಡು ಮಾತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಲ್ಲರು ಎಂಬುದು ಒಂದು. ಈ ಪ್ರಯತ್ನ ಬಹುಕಾಲ ಉಳಿಯಲಿ ಎಂಬುದು ಇನ್ನೊಂದು.

ಉಳಿಯಿತೇ? ಬಂಡೆ ಉಳಿಯಿತು, ಅಕ್ಷರವನ್ನು ಓದುವವರು ಉಳಿಯಲಿಲ್ಲ. ಶತಮಾನಗಳ ಕಾಲ ಇಲ್ಲಿನ ಜನಕ್ಕೆ ಅದು ಯಾರ ಮಾತೆಂದು ಗೊತ್ತಿರಲಿಲ್ಲ. ಹಾಗೆಂದು ಅವರು ಸುಮ್ಮನಿರಲಿಲ್ಲ, ತಮ್ಮದೇ ಹೆಸರಿಟ್ಟರು. ಬ್ರಹ್ಮಗಿರಿಯ ಬಂಡೆ ‘ಅಕ್ಷರ ಗುಂಡು’ ಆಯಿತು. ಸಿದ್ದಾಪುರದ್ದು ‘ಎನಮನ ತಿಮ್ಮಯ್ಯನ ಗುಂಡ್ಲು’, ಎಂದರೆ ಎಮ್ಮೆ ಕಾಯುವ ತಿಮ್ಮಯ್ಯನ ಗುಂಡುಗಳು. ಜಟಿಂಗ ರಾಮೇಶ್ವರದ್ದು ‘ಬಳೆಗಾರ ಗುಂಡು’. ದೇವಸ್ಥಾನಕ್ಕೆ ಹೋಗುವ ಮೆಟ್ಟಿಲ ಬಳಿಯೇ ಇರುವ ಆ ಬಂಡೆಯ ಮೇಲೆ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದರು. ಕಾಲ್ತುಳಿತಕ್ಕೆ, ಅಂಗಡಿಯ ಹೂಟಕ್ಕೆ ಅಕ್ಷರಗಳು ಬಹಳಷ್ಟು ಸವೆದುಹೋದವು. ಮೂರು ಶಾಸನಗಳಲ್ಲಿ ಹೆಚ್ಚು ಹಾಳಾದದ್ದು ಇದೇ.

ನಾವು ಇದನ್ನು ಅಜ್ಞಾನ ಎಂದು ಓದುತ್ತೇವೆ. ನಾನೂ ಹಾಗೇ ಕಲಿಸುತ್ತಿದ್ದೆ. ಈಗ ಬೇರೆ ರೀತಿ ಅನ್ನಿಸುತ್ತದೆ. ಚಕ್ರವರ್ತಿ ತನ್ನ ಹೆಸರಿನಲ್ಲಿ ಬರೆಸಿದ ಬಂಡೆಗೆ ಊರು ಎಮ್ಮೆ ಕಾಯುವವನ ಹೆಸರಿಟ್ಟಿತು, ಬಳೆ ಮಾರುವವನ ಹೆಸರಿಟ್ಟಿತು. ಸಣ್ಣವರೂ ಪಡೆಯಬಲ್ಲರು ಎಂಬ ಮಾತನ್ನು ಓದಲು ಬಾರದವರು ಅದೇ ಬಂಡೆಯ ಮೇಲೆ ಸಣ್ಣವರ ಹೆಸರನ್ನು ಕೂರಿಸಿದ್ದರು. ಅಕ್ಷರ ಸವೆದದ್ದು ನಷ್ಟವೇ. ಆದರೆ ಬಂಡೆ ನೆನಪಿನಲ್ಲಿ ಉಳಿದದ್ದು ಜನ ಅದರ ಮೇಲೆ ಕೂತು, ನಿಂತು, ಕೈಗೆ ಬಳೆ ತೊಡಿಸಿಕೊಂಡು ಹೋದದ್ದರಿಂದಲೂ ಹೌದು.

ಜಟಿಂಗ ರಾಮೇಶ್ವರದ ಗುಡಿಯನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 3,400 ಅಡಿಗೂ ಮೇಲಿರುವ ಉದ್ದನೆಯ ಬೆಟ್ಟದ ನೆತ್ತಿಯಲ್ಲಿ ಈ ಶಿವಾಲಯವಿದೆ. ಜಟಾಯು ಬಿದ್ದ ಜಾಗ ಇದು ಎಂದು ಸ್ಥಳಪುರಾಣ. ಮೊದಲು ಇಲ್ಲಿದ್ದದ್ದು ಇಟ್ಟಿಗೆಯ ಗುಡಿ, 962ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿದರು ಎಂದು ಶಾಸನದಿಂದ ತಿಳಿಯುತ್ತದೆ. ನೊಳಂಬವಾಡಿ ಎನಿಸಿಕೊಂಡಿದ್ದ ಸೀಮೆ ಇದು. ಮುಂದೆ ಚಾಳುಕ್ಯರ ಕಾಲದಲ್ಲೂ ಇಲ್ಲಿ ಶಾಸನಗಳು ಬಿದ್ದವು. ಬೇಲೂರಿನ ಕುಸುರಿಯನ್ನು ನಿರೀಕ್ಷಿಸಿ ಹತ್ತಿದವರಿಗೆ ಇಲ್ಲಿ ನಿರಾಸೆಯಾದೀತು. ಆದರೆ ಅಷ್ಟು ಎತ್ತರಕ್ಕೆ ಕಲ್ಲು ಸಾಗಿಸಿ, ಇಟ್ಟಿಗೆ ಇದ್ದ ಕಡೆಯೇ ಮತ್ತೆ ಕಟ್ಟಿದರಲ್ಲ, ಆ ಮರುಕಟ್ಟುವಿಕೆಯೇ ಈ ಗುಡಿಯ ಮೊದಲ ಸಂಗತಿ. ನಾವು ಪ್ರಾಚೀನ ಎಂದು ಕೈಮುಗಿಯುವ ಕಲ್ಲು ತನ್ನ ಕಾಲದಲ್ಲಿ ‘ಜೀರ್ಣೋದ್ಧಾರ’ ಆಗಿತ್ತು. ಉಳಿದದ್ದು ಇಟ್ಟಿಗೆಯಲ್ಲ, ಇಲ್ಲೊಂದು ಗುಡಿ ಇರಲೇಬೇಕು ಎಂಬ ಹಟ.

ಹೀಗೆ ಯೋಚಿಸುತ್ತಿದ್ದಾಗ ನೆನಪಾದದ್ದು ಯೂರೋಪಿನ ಕೆಥೆಡ್ರಲ್‌ಗಳು, ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚುಗಳು. ಸ್ಮಾರಕ ಎಂದರೆ ಕಲ್ಲು ಎಂಬ ನಂಬಿಕೆಗೆ ಅವುಗಳಷ್ಟು ದೊಡ್ಡ ಸಾಕ್ಷಿ ಬೇರೆ ಇಲ್ಲ. ವಿದ್ಯಾರ್ಥಿಯಾಗಿದ್ದಾಗ ವಿಕ್ಟರ್ ಹ್ಯೂಗೋನ 1831ರ ಕಾದಂಬರಿಯನ್ನು ಅನುವಾದದಲ್ಲಿ ಓದಿದ್ದೆ. ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚೇ ಅದರ ನಡುಮನೆ. ಅದರಲ್ಲೊಂದು ಅಧ್ಯಾಯ ಕಥೆ ಬಿಟ್ಟು ವಾದಕ್ಕೆ ಇಳಿಯುತ್ತದೆ. ಅಚ್ಚು ಬರುವ ಮುಂಚೆ ಮನುಷ್ಯ ತನ್ನ ದೊಡ್ಡ ವಿಚಾರಗಳನ್ನು ಕಟ್ಟಡಗಳಲ್ಲಿ ಬರೆಯುತ್ತಿದ್ದ, ಪುಸ್ತಕ ಬಂದಮೇಲೆ ಕಟ್ಟಡದ ಆ ಕೆಲಸ ಮುಗಿಯಿತು ಎಂಬುದು ಅದರ ಸಾರ. ಸಾಹಿತ್ಯದ ಮಕ್ಕಳಿಗೆ ಬಹಳ ಹಿಡಿಸುವ ವಾದ. ನನಗೂ ಹಿಡಿಸಿತ್ತು.

2019ರ ಏಪ್ರಿಲ್ 15ರಂದು ಆ ಚರ್ಚಿಗೆ ಬೆಂಕಿ ಬಿತ್ತು. ಮರದ ಚಾವಣಿ ಸುಟ್ಟಿತು, ಶಿಖರ ಕುಸಿಯಿತು. ಆಗ ಹೊರಬಿದ್ದ ಸಂಗತಿಗಳಲ್ಲಿ ನನ್ನನ್ನು ತಟ್ಟಿದ್ದು ಎರಡು. ಬಿದ್ದ ಶಿಖರ ಮಧ್ಯಯುಗದ್ದಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಎರಡನೆಯದು, ಚಾವಣಿಯನ್ನು ಮತ್ತೆ ಕಟ್ಟುವಾಗ ಹಸಿ ಓಕ್ ಮರವನ್ನು ಹಳೆಯ ಕಾಲದವರ ಹಾಗೆ ಕೊಡಲಿಯಲ್ಲಿ ಕೆತ್ತಿ ತೊಲೆ ಮಾಡಬಲ್ಲ ಬಡಗಿಗಳು ಬೇಕಾದರು. ಅಂಥವರು ಸಿಕ್ಕರು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು. ಅಂದರೆ ಕಲ್ಲಿನ ಆ ಮಹಾಗ್ರಂಥವೂ ಕೊನೆಗೆ ನಿಂತದ್ದು ಯಾರದೋ ಕೈಗೆ ನೆನಪಿದ್ದ ಕೆಲಸದ ಮೇಲೆ. ಆ ಕೈಗಳು ಇಲ್ಲವಾಗಿದ್ದರೆ ಹ್ಯೂಗೋನ ಪುಸ್ತಕ ಇರುತ್ತಿತ್ತು, ಆ ತೊಲೆ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಹುಡುಗಿಯ ಪ್ರಬಂಧವನ್ನು ಮತ್ತೆ ತೆಗೆದು ಓದಿದೆ. ಈ ಸಲ ಅದನ್ನು ಕಟ್ಟಡದ ವರ್ಣನೆ ಎಂದೇ ಓದಿದೆ.

ಕ್ಯಾತಪ್ಪನ ಗುಡಿಯ ಸಾಮಗ್ರಿ ಕಾರೆ, ಬಾರೆಯಂಥ ಮುಳ್ಳು. ಈ ಸೀಮೆಯಲ್ಲಿ ಯಾರೂ ನೆಡದೆ, ನೀರೆರೆಯದೆ ಬೆಳೆಯುವುದು ಅದೇ. ದನ ಕುರಿ ಕಾಯುವವರ ಬದುಕಿನಲ್ಲಿ ಮುಳ್ಳು ಎಂದರೆ ಗೋಡೆ. ಕುರಿ ರೊಪ್ಪಕ್ಕೆ ಮುಳ್ಳಿನ ಬೇಲಿ, ಹಟ್ಟಿಯ ಸುತ್ತ ಮುಳ್ಳಿನ ಬೇಲಿ. ತೋಳ ಬಾರದಂತೆ, ಮರಿ ತಪ್ಪಿಸಿಕೊಳ್ಳದಂತೆ ಕಾಯುವುದು ಅದು. ಆ ಬೇಲಿಯನ್ನೇ ಎತ್ತರಕ್ಕೆ ಎಬ್ಬಿಸಿ ತುದಿಗೆ ಕಳಶ ಇಟ್ಟರೆ ಕ್ಯಾತಪ್ಪನ ಗುಡಿ. ಬೇರೆ ಗುಡಿಗಳು ಅರಮನೆಯ ಹಾಗೆ ಕಾಣಲು ಹಂಬಲಿಸುತ್ತವೆ. ಇದು ದೇವರಿಗೂ ರೊಪ್ಪವನ್ನೇ ಕಟ್ಟಿಕೊಡುತ್ತದೆ. ಮೇವು ನೀರು ಅರಸಿ ಹೋಗುವ ಕುಲಗಳಿಗೆ ದೇವರು ಪೆಟ್ಟಿಗೆಯಲ್ಲಿ ಕೂತು ಜೊತೆಗೆ ಬರುವಂಥವನಾಗಿದ್ದ. ಇಲ್ಲಿನ ಮ್ಯಾಸಬೇಡರಲ್ಲೂ ಪೆಟ್ಟಿಗೆ ದೇವರು, ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು ಇದ್ದಾರೆ. ಅಂಥವರಿಗೆ ಕದಲದ ಕಲ್ಲು ಗುಡಿ ಉಪಯೋಗಕ್ಕಿಂತ ಭಾರವೇ ಹೆಚ್ಚು. ಎಲ್ಲಿ ಬೇಕಾದರೂ ಸಿಗುವ ಸಾಮಗ್ರಿ, ಎಲ್ಲ ಕೈಗೂ ಗೊತ್ತಿರುವ ಕೆಲಸ, ವರ್ಷಕ್ಕೊಮ್ಮೆ ತಪ್ಪದ ಕರ್ತವ್ಯ ಇವು ಮೂರೇ ಅವರ ಅಡಿಪಾಯ.

ಈ ಗುಡಿಯನ್ನು ಹೊಕ್ಕು ನೋಡುವ ಹಾಗಿಲ್ಲ, ಏರಬೇಕು. ಬರಿಗಾಲಲ್ಲಿ ಮುಳ್ಳಿನ ಮೇಲೆ ಓಡಿ ಹತ್ತಿ ಕಳಶ ಕೀಳುವವರ ಮೈಯೇ ಇದರ ಮೆಟ್ಟಿಲು. ವಾಸ್ತುವಿನ ಮಾತಿನಲ್ಲಿ ಹೇಳುವುದಾದರೆ ಗರ್ಭಗುಡಿ ಒಳಗಿಲ್ಲ, ನೆತ್ತಿಯಲ್ಲಿದೆ. ಕಟ್ಟಡ ಪೂರ್ತಿಯಾಗುವುದು ಕಟ್ಟಿದಾಗಲ್ಲ, ಏರಿದಾಗ. ಈ ವರ್ಷದ ಗುಡಿಗೆ ಮುಂದಿನ ವರ್ಷ ಬೆಲೆಯಿಲ್ಲ, ಮತ್ತೆ ಮುಳ್ಳು ತರಬೇಕು. ಹೀಗೆ ಕಟ್ಟುತ್ತಲೇ ಬಂದದ್ದಕ್ಕೆ ಎಷ್ಟು ತಲೆಮಾರಿನ ವಯಸ್ಸು ಕೊಡಬೇಕು? ಸಾಮಗ್ರಿ ಲೆಕ್ಕ ಹಾಕಿದರೆ ವಾರದ್ದು, ರೂಪ ಲೆಕ್ಕ ಹಾಕಿದರೆ ತಲೆಮಾರುಗಳದ್ದು. ಹುಡುಗಿ ‘ವರ್ಷಾ ವರ್ಷಾ ಕಟ್ತಾರಲ್ಲ’ ಎಂದದ್ದು ಆಕ್ಷೇಪಣೆಗೆ ಉತ್ತರವಾಗಿತ್ತು. ನಾನು ಅದನ್ನು ಆಕ್ಷೇಪಣೆ ಎಂದೇ ಕೇಳಿಸಿಕೊಂಡಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೆ ಲೇಖನ ಚೆಂದವಾಗಿ ಮುಗಿಯುತ್ತಿತ್ತು. ಕಲ್ಲು ಸೋತಿತು, ಮುಳ್ಳು ಗೆದ್ದಿತು, ಜನಪದಕ್ಕೆ ಜಯ ಎಂದು ಎದ್ದು ಹೋಗಬಹುದಿತ್ತು. ಆದರೆ ಪ್ರಬಂಧದ ಕೊನೆಯ ಸಾಲು ಹಾಗೆ ಬಿಡಲಿಲ್ಲ. ಮೊದಲ ಓದಿನಲ್ಲಿ ನನ್ನ ಕೆಂಪು ಪೆನ್ನು ಅದನ್ನು ದಾಟಿ ಹೋಗಿತ್ತು. ‘ಇದನ್ನೆಲ್ಲ ನಾನು ದೂರದಿಂದ ನೋಡಿದ್ದೇನೆ, ಎರಡು ವರ್ಷ ಅದೂ ಆಗಲಿಲ್ಲ’ ಎಂದಿತ್ತು.

ಏಕೆ ಆಗಲಿಲ್ಲ ಎಂದು ಅವಳು ಬರೆದಿರಲಿಲ್ಲ, ನಾನು ಕೇಳಲೂ ಇಲ್ಲ. ಈ ಕಡೆಯ ಹೆಂಗಸರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಗುಡಿ ಏರುವವರು ಗಂಡಸರು. ಮುಟ್ಟಾದ ಹೆಣ್ಣು, ಹೆರಿಗೆಯಾದ ಹೆಣ್ಣು ಹಟ್ಟಿಯ ಬೇಲಿಯಿಂದಲೇ ಹೊರಗಿರಬೇಕು ಎಂಬ ಕಟ್ಟಳೆ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಇದೆ, ಕೆಲವು ಕಡೆ ಸಡಿಲಾಗಿದೆ. ಬಲವಂತವಾಗಿ ಹೀಗೆ ಹೊರಗಿಡುವುದು 2017ರ ರಾಜ್ಯದ ಕಾಯ್ದೆಯ ಪ್ರಕಾರ ಅಪರಾಧ. ಹಟ್ಟಿಗಳ ಹೊರಗೆ ಸರ್ಕಾರವೇ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿದ್ದೂ ಇದೆ. ಮಳೆ ಚಳಿಯಲ್ಲಿ ಬಯಲಲ್ಲಿ ಮಲಗುವುದಕ್ಕಿಂತ ಅದು ವಾಸಿ ಎಂಬುದು ಒಂದು ಮಾತು, ಹೊರಗಿಡುವುದಕ್ಕೆ ಸಿಮೆಂಟಿನ ಮುದ್ರೆ ಒತ್ತಿದಂತಾಯಿತು ಎಂಬುದು ಇನ್ನೊಂದು. 2023ರಲ್ಲಿ ತುಮಕೂರು ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ ಊರ ಹೊರಗಿನ ಗುಡಿಸಲಲ್ಲಿ ಬಾಣಂತಿಯ ಜೊತೆಗಿದ್ದ ಹಸುಗೂಸು ತೀರಿಕೊಂಡಿತು. ಬೇಲಿ ಮರಿಯನ್ನು ತೋಳದಿಂದ ಕಾಯುತ್ತದೆ ಎಂದು ಮೇಲೆ ಬರೆದೆನಲ್ಲ, ಆ ಸಾಲಿನ ಪಕ್ಕದಲ್ಲೇ ಈ ಮಗುವನ್ನೂ ಇಟ್ಟು ಓದಬೇಕು.

ಇದನ್ನು ಬರೆಯುವಾಗ ಗೊಲ್ಲರಹಟ್ಟಿಯ ಕಡೆ ಬೊಟ್ಟು ಮಾಡಿ ನಾನು ಕೈ ತೊಳೆದುಕೊಳ್ಳುವಂತಿಲ್ಲ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಬೇಲಿ ಇರಲಿಲ್ಲ, ಹಿತ್ತಲ ಬಾಗಿಲಿತ್ತು. ಮೂರು ದಿನ ಅದರಾಚೆ ಕೂತು, ಒಳಗಿನ ಮಗ್ಗದ ಸದ್ದು ಕೇಳುತ್ತ ನಾನು ಪಿಯುಸಿಗೆ ಓದಿದ್ದೇನೆ. ನಮ್ಮಜ್ಜಿ ಅಲ್ಲಿಗೇ ತಟ್ಟೆ ಜರುಗಿಸುತ್ತಿದ್ದಳು. ಹೊಸ್ತಿಲು ಎಂಬುದೂ ವಾಸ್ತುವೇ ಎಂದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ.

ಕೆಥೆಡ್ರಲ್‌ಗಳ ಬಗ್ಗೆ ಮತ್ತೆ ಓದಲು ಕೂತಾಗ ಸಿಕ್ಕಿದ್ದು ಇಂಗ್ಲೆಂಡಿನ ಡರ್ಹಮ್. ನಾನು ಅದನ್ನು ಕಂಡಿಲ್ಲ, ಚಿತ್ರ ಮತ್ತು ನಕ್ಷೆಗಳಲ್ಲಿ ನೋಡಿದ್ದೇನೆ. 1093ರಲ್ಲಿ ಶುರುವಾಗಿ ಸುಮಾರು ನಲವತ್ತು ವರ್ಷದಲ್ಲಿ ಮುಖ್ಯ ಭಾಗ ಮುಗಿಯಿತು. ಕಲ್ಲಿನ ಕಮಾನು ಪಟ್ಟಿಗಳ ಮೇಲೆ ನಿಂತ ಅದರ ಚಾವಣಿ ಮುಂದಿನ ಗೋಥಿಕ್ ಚರ್ಚುಗಳಿಗೆ ದಾರಿ ಹಾಕಿಕೊಟ್ಟಿತು ಎಂದು ವಾಸ್ತುಶಿಲ್ಪದ ಚರಿತ್ರೆ ಹೇಳುತ್ತದೆ. ಒಳಗೆ ಸಂತ ಕತ್‌ಬರ್ಟನ ಸಮಾಧಿ, ಚರಿತ್ರೆಕಾರ ಬೀಡನ ಸಮಾಧಿ ಇವೆ. ಯಾವ ಅಳತೆಯಿಂದ ನೋಡಿದರೂ ಸ್ಮಾರಕ. ಅದರ ನೆಲದಲ್ಲಿ, ಪಶ್ಚಿಮದ ಕೊನೆಗೆ ಹತ್ತಿರವಾಗಿ, ಕಪ್ಪು ಅಮೃತಶಿಲೆಯ ಒಂದು ಗೆರೆ ಇದೆ. ಸನ್ಯಾಸಿಗಳ ಕಾಲದಲ್ಲಿ ಹೆಂಗಸರು ಆ ಗೆರೆ ದಾಟಿ ಮುಂದೆ ಬರುವಂತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಗೆರೆಯ ಹಿಂದೆ, ಪಶ್ಚಿಮಕ್ಕೆ, ಗ್ಯಾಲಿಲೀ ಎಂಬ ಒಂದು ಚಾಪೆಲ್ ಕಟ್ಟಿದರು. ಹೆಂಗಸರು ಬರಬಹುದಾದ ಜಾಗ ಅದು. ಒಂದು ಬಗೆಯಲ್ಲಿ ಅದು ಅವರ ಕೃಷ್ಣ ಕುಟೀರ.

ಚಾವಣಿಯ ಬಗ್ಗೆ ಪುಟಗಟ್ಟಲೆ ಬರೆದವರು ಗೆರೆಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ತಲೆಯೆತ್ತಿ ನೋಡುವುದನ್ನು ವಿಮರ್ಶೆ ಕಲಿಸುತ್ತದೆ, ಕಾಲ ಕೆಳಗೆ ನೋಡುವುದನ್ನು ಕಲಿಸುವುದಿಲ್ಲ. ಆದರೆ ಗೆರೆಯೂ ಕಟ್ಟಡದ್ದೇ ಭಾಗ. ಯಾರೋ ಅಳೆದು, ಕಲ್ಲು ಆರಿಸಿ, ಕೂರಿಸಿದ್ದು. ಈಗ ಯಾರೂ ಆ ಗೆರೆಯ ಹತ್ತಿರ ತಡೆಯುವುದಿಲ್ಲ. ಅಳಿಸದೆ ಉಳಿಸಿಕೊಂಡಿರುವುದರಿಂದಲೇ ಅದು ಹಿಂದಿನ ಕಥೆ ಹೇಳುತ್ತಿದೆ. ನಮ್ಮ ಮುಳ್ಳಿನ ಗೆರೆ ಹಾಗಲ್ಲ, ಅದು ಇನ್ನೂ ಚುಚ್ಚುತ್ತದೆ. ಕಟ್ಟುವುದನ್ನು ಕೈಬಿಡದೆ ತಡೆಯುವುದನ್ನು ಮಾತ್ರ ಬಿಡಲು ಆಗದೇ ಎಂಬುದು ಅದರ ಮುಂದಿನ ಪ್ರಶ್ನೆ. ಉತ್ತರ ಹೇಳಬೇಕಾದವರು ಹಟ್ಟಿಯವರು, ಮುಖ್ಯವಾಗಿ ಹಟ್ಟಿಯ ಹೆಂಗಸರು.

ಅವರು ಉತ್ತರ ಹೇಳಲು ಅಶಕ್ತರೇನಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ಕನ್ನಡದ ಓದುಗರು ಬಲ್ಲರು. ಅಕ್ಷರ ಕಲಿಯದ ಆಕೆಯ ನಾಲಗೆಯ ಮೇಲೆ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿ ಬೆಳಗು’ ಎಂದು ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಎತ್ತಪ್ಪ, ಜುಂಜಪ್ಪ, ಕ್ಯಾತಪ್ಪರ ಕಥೆಗಳು ಕಾಡುಗೊಲ್ಲರಲ್ಲಿ ಉಳಿದು ಬಂದಿರುವುದರಲ್ಲಿ ಹೀಗೆ ಹಾಡುವ ಹೆಣ್ಣುಮಕ್ಕಳ ಪಾಲು ದೊಡ್ಡದು. ಗುಡಿಯ ಮುಳ್ಳು ವರ್ಷಕ್ಕೊಮ್ಮೆ ಬದಲಾಗುತ್ತದೆ, ಅದನ್ನು ಏರುವ ಕಾಲೂ ಬದಲಾಗುತ್ತದೆ. ಏಕೆ ಕಟ್ಟಬೇಕು ಎಂಬುದನ್ನು ಮುಂದಿನವರಿಗೆ ದಾಟಿಸುವುದು ಹಾಡು. ಆ ಹಾಡನ್ನು ಹೊತ್ತವರನ್ನೇ ತಿಂಗಳಲ್ಲಿ ಕೆಲವು ದಿನ ಬೇಲಿಯ ಹೊರಗಿಟ್ಟರೆ, ಸ್ಮಾರಕದ ಬಹುಪಾಲು ಹೊರಗೇ ಇದ್ದಂತೆ. ಹ್ಯೂಗೋ ಕಟ್ಟಡಕ್ಕೂ ಪುಸ್ತಕಕ್ಕೂ ಜಗಳ ಹಚ್ಚಿದ. ಇವೆರಡಲ್ಲದ ಮೂರನೆಯದೊಂದು ಇದೆ, ಅದು ಹೊರಗೆ ಕೂತ ಅಜ್ಜಿಯ ಕೊರಳಲ್ಲಿದೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲ.

ಹಾಗಾದರೆ ಸ್ಮಾರಕವನ್ನು ಹೇಗೆ ಓದಬೇಕು? ಈಗ ತರಗತಿಯಲ್ಲಿ ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ಮತ್ತೆ ಮತ್ತೆ ಕಟ್ಟಿ ಉಳಿಸುವ ಕೈ ಯಾರದು? ಇದರ ಕಥೆ ಯಾರ ಬಾಯಲ್ಲಿದೆ? ಇದರ ಗೆರೆ ಎಲ್ಲಿದೆ, ಆಚೆ ನಿಂತವರು ಯಾರು? ಕಾಲ, ವಂಶ, ಶೈಲಿಯ ಪ್ರಶ್ನೆಗಳನ್ನು ಬಿಟ್ಟಿಲ್ಲ, ಅವು ಈ ಮೂರರ ನಂತರ ಬರುತ್ತವೆ. ಬೇಲೂರಿಗೂ ಈ ಪ್ರಶ್ನೆ ಹಾಕಬಹುದು, ಡರ್ಹಮ್‌ಗೂ ಹಾಕಬಹುದು. ಬಳೆಗಾರ ಗುಂಡಿಗೆ ಹಾಕಿದರೆ ಸವೆದ ಅಕ್ಷರದ ನಡುವೆ ಬಳೆ ತೊಡಲು ಕೂತ ಹೆಂಗಸರೂ ಕಾಣುತ್ತಾರೆ.

ಪ್ರಬಂಧವನ್ನು ಹುಡುಗಿಗೆ ವಾಪಸು ಕೊಡುವಾಗ ಕೆಂಪು ಸಾಲನ್ನು ಹೊಡೆದುಹಾಕಿ, ಕೆಳಗೆ ‘ತಪ್ಪು ನನ್ನದು’ ಎಂದು ಬರೆದೆ. ಕೊನೆಯ ಸಾಲಿಗೆ ಅಡಿಗೆರೆ ಎಳೆದು, “ಇದರಿಂದ ಶುರು ಮಾಡಿ ಇನ್ನೊಂದು ಬರೀತೀಯೇನಮ್ಮ?” ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬರೆದರೆ ಹೆಸರು ಹಾಕಬೇಕಾ ಮೇಡಂ?” ಎಂದಳು.

ಬೇಡ ಎಂದೆ. ಪ್ರಬಂಧ ಇನ್ನೂ ಬಂದಿಲ್ಲ. ನಾನು ಕೇಳುವುದೂ ಇಲ್ಲ, ಕಾಯುತ್ತಿದ್ದೇನೆ.